ಭಾರವಿಲ್ಲದ ಟ್ಯಾಂಕುಗಳು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕಣ್ಣಾರೆ ಕಂಡದ್ದಕ್ಕೇ ಈ ಎಚ್ಚರಿಕೆ ಬೇಕಾದರೆ, ಬರೀ ಚಿತ್ರದಲ್ಲಿ ಕಂಡದ್ದಕ್ಕೆ ಇನ್ನೆಷ್ಟು ಬೇಕು! ಆದರೆ ಲೋಕದಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ‘ಫೋಟೋನೇ ಇದೆಯಲ್ಲ’ ಎಂದುಬಿಟ್ಟರೆ ವಾದ ಅಲ್ಲಿಗೆ ಮುಗಿದಂತೆ.

ಆಗಸ್ಟ್ 15, ಜನವರಿ 26, ಡಿಸೆಂಬರ್ 16ರ ವಿಜಯ ದಿವಸ ಬಂತೆಂದರೆ ನಮ್ಮೆಲ್ಲರ ಮೊಬೈಲುಗಳಿಗೆ 1965ರ ಮತ್ತು 1971ರ ಯುದ್ಧದ ಚಿತ್ರಗಳೆಂದು ಹತ್ತಾರು ಚಿತ್ರಗಳು ಬಂದು ಬೀಳುತ್ತವೆ. ಅವುಗಳಲ್ಲಿ ನಿಜವಾದ ಯುದ್ಧಚಿತ್ರಗಳಿರುತ್ತವೆ, ಸಿನಿಮಾದ ದೃಶ್ಯಗಳಿರುತ್ತವೆ, ಬೇರೆ ಯಾವುದೋ ದೇಶದ, ಬೇರೆ ಯಾವುದೋ ಯುದ್ಧದ ಚಿತ್ರಗಳಿರುತ್ತವೆ. ಒಮ್ಮೊಮ್ಮೆ ಮೇಜಿನ ಮೇಲೆ ಮಣ್ಣು ಹರಡಿ, ಅದರ ಮೇಲೆ ಗೇಣುದ್ದದ ಪ್ಲಾಸ್ಟಿಕ್ ಟ್ಯಾಂಕನ್ನಿಟ್ಟು ತೆಗೆದ ಚಿತ್ರವೂ ಇರುತ್ತದೆ.

‘ಬೊಂಬೆ ಟ್ಯಾಂಕನ್ನು ಕಂಡು ಮೋಸಹೋಗಲು ನಾವೇನು ಮಕ್ಕಳೇ?’ ಎಂದು ಯಾರೂ ನಗಬೇಕಾಗಿಲ್ಲ. ಮಾದರಿ ಮಾಡುವುದು ಇಂದು ಬಹು ಸೂಕ್ಷ್ಮವಾದ ಕಲೆ. ತುಕ್ಕು, ಎಣ್ಣೆಯ ಕಲೆ, ಸುಟ್ಟ ಬಣ್ಣ, ಹರಿದ ಟಾರ್ಪಾಲು ಎಲ್ಲವನ್ನೂ ಕುಂಚದ ತುದಿಯಲ್ಲಿ ತರುವ ನಿಪುಣರಿದ್ದಾರೆ. ಹಾಗೆ ಮಾಡುವವರಲ್ಲಿ ಬಹುಮಂದಿ ಮೋಸಗಾರರಲ್ಲ. ಇದು ಮಾದರಿ ಎಂದು ಹೇಳಿಯೇ ತೋರಿಸುತ್ತಾರೆ. ಮುಂದೆ ಯಾರೋ ಒಬ್ಬರು ಅದರ ಬಣ್ಣ ತೆಗೆದು ಕಪ್ಪುಬಿಳುಪು ಮಾಡುತ್ತಾರೆ, ನಾಲ್ಕು ಗೀರು ಎಳೆಯುತ್ತಾರೆ, ಕೆಳಗೆ ‘1965’ ಎಂದು ಬರೆಯುತ್ತಾರೆ. ಮಾದರಿ ಸುಳ್ಳಾಗುವುದು ಆ ಗಳಿಗೆಯಲ್ಲಿ.

ಇದನ್ನು ಚೆನ್ನೈನಲ್ಲಿರುವ ಕನ್ನಡಿಗರು ಯೋಚಿಸಲು ಒಂದು ವಿಶೇಷ ಕಾರಣವಿದೆ. ಮಣಲಿಯಿಂದ ಮಾಧವರಂ, ಅಂಬತ್ತೂರುಗಳನ್ನು ದಾಟಿ ಹೋದರೆ ಸಿಗುವ ಆವಡಿ ಭಾರತದಲ್ಲಿ ಟ್ಯಾಂಕ್ ಹುಟ್ಟಿದ ಊರು. ಟ್ಯಾಂಕನ್ನು ಚಿತ್ರದಲ್ಲಿ ಮಾತ್ರ ಕಂಡವರು ದೇಶದಲ್ಲೆಲ್ಲ ಇದ್ದಾರೆ. ಅದನ್ನು ಬೆಸುಗೆ ಹಾಕಿ, ಜೋಡಿಸಿ, ಓಡಿಸಿ ನೋಡಿದವರು ಇರುವುದು ಈ ನಗರದ ಅಂಚಿನಲ್ಲಿ. ನಿಜವಾದ ಟ್ಯಾಂಕ್ ಹೇಗಿರುತ್ತದೆಂದು ಕೇಳಿ ತಿಳಿಯುವ ಅನುಕೂಲ ನಮಗಿರುವಷ್ಟು ಬೇರೆಯವರಿಗಿಲ್ಲ.

ಹೆಸರಿನಲ್ಲೇ ಮರೆ

‘ಟ್ಯಾಂಕ್’ ಎಂಬ ಮಾತಿಗೆ ಮದರಾಸಿನಲ್ಲಿ ಮೂರು ಅರ್ಥಗಳುಂಟು. ಹಳೆಯ ಕಾಗದಪತ್ರಗಳಲ್ಲಿ ಟ್ಯಾಂಕ್ ಎಂದರೆ ಕೆರೆ. ಮಣಲಿಯವರ ಬಾಯಲ್ಲಿ ಟ್ಯಾಂಕ್ ಎಂದರೆ ತೈಲಾಗಾರದ ದೊಡ್ಡ ಎಣ್ಣೆಯ ಕೊಳಗ. ಆವಡಿಯವರಿಗೆ ಅದು ರಣರಂಗದ ಉಕ್ಕಿನ ರಥ.

ಈ ಮೂರನೆಯ ಅರ್ಥ ಹುಟ್ಟಿದ್ದೇ ಒಂದು ಸುಳ್ಳಿನಿಂದ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಈ ಹೊಸ ಯಂತ್ರವನ್ನು ಗುಟ್ಟಾಗಿ ಕಟ್ಟುತ್ತಿದ್ದಾಗ, ಕಾರ್ಖಾನೆಯ ಕೆಲಸಗಾರರಿಗೂ ಗೂಢಚಾರರಿಗೂ ತಿಳಿಯದಿರಲೆಂದು ನೀರು ಸಾಗಿಸುವ ತೊಟ್ಟಿಯ ಹೆಸರನ್ನು ಅದಕ್ಕಿಟ್ಟರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅದು ಮೊದಲ ಬಾರಿ ಹೊರಬಿತ್ತು. ಗುಟ್ಟು ಒಡೆದರೂ ಹೆಸರು ಉಳಿಯಿತು. ಟ್ಯಾಂಕಿನ ಚಿತ್ರಗಳಲ್ಲಿ ಇಷ್ಟೊಂದು ಕಪಟವಿರುವುದಕ್ಕೆ ಆಶ್ಚರ್ಯಪಡಬೇಕಾಗಿಲ್ಲ. ಅದರ ನಾಮಕರಣವೇ ಹಾಗೆ ಆದದ್ದು.

ಐವತ್ತು ವರ್ಷ ಬಾಳಿದ ಮೋಸ

ಯುದ್ಧದ ಚಿತ್ರಕ್ಕೆ ಬೊಂಬೆಗಳನ್ನು ಬಳಸುವುದು ಟ್ಯಾಂಕಿಗಿಂತಲೂ ಹಳೆಯ ವಿದ್ಯೆ. 1898ರಲ್ಲಿ ಅಮೆರಿಕಕ್ಕೂ ಸ್ಪೇನಿಗೂ ಕ್ಯೂಬಾದ ಸಾಂಟಿಯಾಗೋ ಬಳಿ ನೌಕಾಯುದ್ಧವಾಯಿತು. ನ್ಯೂಯಾರ್ಕಿನ ಚಲಚ್ಚಿತ್ರಗಾರರಾದ ಬ್ಲ್ಯಾಕ್‌ಟನ್ ಮತ್ತು ಸ್ಮಿತ್ ಎಂಬಿಬ್ಬರು ಯುದ್ಧನೌಕೆಗಳ ಚಿತ್ರಗಳನ್ನು ಕತ್ತರಿಸಿ, ಅಂಗುಲದಷ್ಟು ನೀರಿನಲ್ಲಿ ನಿಲ್ಲಿಸಿ, ಚಿಟಿಕೆ ಮದ್ದು ಸುಟ್ಟು, ಸಿಗರೇಟಿನ ಹೊಗೆ ಊದಿ ಆ ಯುದ್ಧವನ್ನು ‘ಚಿತ್ರಿಸಿ’ ತೋರಿಸಿದರು. ಜನ ನಂಬಿ ಚಪ್ಪಾಳೆ ತಟ್ಟಿದರು. ಎಷ್ಟೋ ವರ್ಷಗಳ ಮೇಲೆ ಸ್ಮಿತ್ ತನ್ನ ಆತ್ಮಕಥೆಯಲ್ಲಿ ಈ ಕಥೆಯನ್ನು ತಾನೇ ಹೇಳಿಕೊಂಡ.

ಇದಕ್ಕಿಂತ ದೊಡ್ಡ ಪ್ರಸಂಗ ವಿಮಾನಗಳದು. 1933ರಲ್ಲಿ ಲಂಡನ್ನಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತ ಹೆಸರಿಲ್ಲದ ವೈಮಾನಿಕನೊಬ್ಬನ ದಿನಚರಿಯೆಂದು ಒಂದು ಪುಸ್ತಕ ಹೊರಬಂತು. ಅದರಲ್ಲಿ ಆಕಾಶಯುದ್ಧದ ರೋಮಾಂಚಕಾರಿ ಛಾಯಾಚಿತ್ರಗಳಿದ್ದವು. ಎರಡು ವಿಮಾನಗಳು ಡಿಕ್ಕಿ ಹೊಡೆಯುತ್ತಿರುವುದು, ಉರಿಯುವ ವಿಮಾನದಿಂದ ಮನುಷ್ಯ ಬೀಳುತ್ತಿರುವುದು, ಇಂಥವು. ಅನುಮಾನಪಟ್ಟವರು ಆಗಲೂ ಇದ್ದರು. ಆದರೆ ಪುಸ್ತಕಗಳಲ್ಲಿ, ಪತ್ರಿಕೆಗಳಲ್ಲಿ ಆ ಚಿತ್ರಗಳು ಅರ್ಧ ಶತಮಾನ ಮೆರೆದವು. 1980ರ ದಶಕದಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಮಾನ ವಸ್ತುಸಂಗ್ರಹಾಲಯಕ್ಕೆ ವೆಸ್ಲಿ ಆರ್ಚರ್ ಎಂಬಾತನ ಹಳೆಯ ಸಾಮಾನುಗಳು ಬಂದಾಗ ಗುಟ್ಟು ರಟ್ಟಾಯಿತು. ಆರ್ಚರ್ ಹಿಂದೆ ಬ್ರಿಟಿಷ್ ವಾಯುದಳದಲ್ಲಿ ಹಾರಿದ್ದವನು, ಮಾದರಿ ವಿಮಾನ ಮಾಡುವುದರಲ್ಲಿ ನಿಪುಣ. ಯುದ್ಧ ಬಲ್ಲವನೇ ಸುಳ್ಳು ಯುದ್ಧವನ್ನು ಸೃಷ್ಟಿಸಿದ್ದ.

ಇದೆಲ್ಲ ಹಳೆಯ ಕಾಲದ ಮಾತೆನ್ನಬೇಡಿ. 2005ರ ಫೆಬ್ರವರಿಯಲ್ಲಿ ಇರಾಕಿನ ಒಂದು ಗುಂಪು ಅಮೆರಿಕದ ಸೈನಿಕನೊಬ್ಬನನ್ನು ಸೆರೆಹಿಡಿದಿರುವುದಾಗಿ ಸಾರಿ ಅವನ ಚಿತ್ರವನ್ನು ಪ್ರಕಟಿಸಿತು. ಸುದ್ದಿ ಲೋಕವನ್ನೆಲ್ಲ ಸುತ್ತಿತು. ಆ ‘ಸೈನಿಕ’ ಒಂದಡಿ ಎತ್ತರದ ಗೊಂಬೆ! ಅವನ ತಲೆಗೆ ಗುರಿಯಿಟ್ಟ ಬಂದೂಕೂ ಆ ಗೊಂಬೆಯ ಜೊತೆಯಲ್ಲೇ ಬರುವ ಆಟಿಕೆ. ಅದನ್ನು ಗುರುತಿಸಿದವರು ಸೇನಾ ಪಂಡಿತರಲ್ಲ, ಗೊಂಬೆ ತಯಾರಿಸಿದ ಕಂಪನಿಯವರು.

ಹಾಗಾದರೆ ನಮ್ಮಂಥ ಸಾಮಾನ್ಯರು ಏನು ಮಾಡಬೇಕು? ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಬಹಳಷ್ಟು ಕೆಲಸವಾಗುತ್ತದೆ. ಹೊತ್ತು, ಅಳತೆ, ಭಾರ, ಬಂದ ದಾರಿ — ಇವೇ ಆ ನಾಲ್ಕು.

ಹೊತ್ತು

ಮೊದಲು ಕೇಳಬೇಕಾದದ್ದು ಕಾಲವನ್ನು. ಇದಕ್ಕೆ ಭೂತಗನ್ನಡಿಯ ಅಗತ್ಯವೇ ಇಲ್ಲ.

ಮದರಾಸಿನ ಮಟ್ಟಿಗೆ ಯುದ್ಧಕಾಲದ ಟ್ಯಾಂಕ್ ಎಂದರೆ ಮೊದಲು ನೆನಪಾಗಬೇಕಾದದ್ದು ಎಣ್ಣೆಯ ಟ್ಯಾಂಕು. 1914ರ ಸೆಪ್ಟೆಂಬರ್ 22ರಂದು ಜರ್ಮನರ ‘ಎಂಡೆನ್’ ನೌಕೆ ಬಂದರಿನ ಹೊರಗೆ ನಿಂತು, ಅರ್ಧ ಗಂಟೆಯೊಳಗೆ ನೂರಕ್ಕೂ ಮಿಕ್ಕಿ ಗುಂಡುಗಳನ್ನು ಹಾರಿಸಿ ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಹೈಕೋರ್ಟಿನ ಆವರಣದ ಫಲಕ ಇಂದಿಗೂ ಅದನ್ನು ಹೇಳುತ್ತದೆ. ಮಹಾ ಗಟ್ಟಿಗನನ್ನು ‘ಎಂಡನ್’ ಎನ್ನುವ ಮಾತು ತಮಿಳರಲ್ಲಿ ಉಳಿದದ್ದೂ ಆ ದಿನದಿಂದಲೇ. ಎಂಡೆನ್ ಬಂದದ್ದು ರಾತ್ರಿ, ಒಂಬತ್ತು ಗಂಟೆ ಮೀರಿದ ಮೇಲೆ. ಹಾಡುಹಗಲಿನಲ್ಲಿ ಆ ಹಡಗು ಮದರಾಸಿನ ಮೇಲೆ ಗುಂಡು ಹಾರಿಸುತ್ತಿರುವ ‘ಛಾಯಾಚಿತ್ರ’ವನ್ನು ಯಾರಾದರೂ ತೋರಿಸಿದರೆ, ಮುಂದಿನ ಪರೀಕ್ಷೆಯೇ ಬೇಡ.

ಇನ್ನೊಂದು ಸ್ವಾರಸ್ಯವುಂಟು. ಎಂಡೆನ್ನಿಗೆ ಹೊಗೆ ಕೊಳವೆಗಳಿದ್ದದ್ದು ಮೂರು. ಬ್ರಿಟಿಷ್ ನೌಕೆಯೆಂದು ಭ್ರಮೆ ಹುಟ್ಟಿಸಲು ಅದರ ಕಪ್ತಾನ ಫಾನ್ ಮ್ಯುಲರ್ ನಾಲ್ಕನೆಯದೊಂದು ಸುಳ್ಳು ಕೊಳವೆಯನ್ನು ನಿಲ್ಲಿಸಿಕೊಳ್ಳುತ್ತಿದ್ದ. ಅಕ್ಟೋಬರ್ 28ರಂದು ಪೆನಾಂಗ್ ಬಂದರಿಗೆ ನುಗ್ಗಿದ್ದು ಆ ವೇಷದಲ್ಲೇ. ಎಂದರೆ ಕಣ್ಣಿಗೆ ಕಂಡ ಕೊಳವೆಗಳನ್ನು ಎಣಿಸಿ ಹಡಗನ್ನು ಗುರುತಿಸಿದವರು ಆಗಲೇ ಮೋಸಹೋದರು. ಆಕಾರ ಒಂದನ್ನೇ ನಂಬಬಾರದು.

ಇದೇ ಪ್ರಶ್ನೆಯನ್ನು ಆವಡಿಯ ‘ವಿಜಯಂತ’ ಟ್ಯಾಂಕಿಗೂ ಹಾಕಬಹುದು. ಇಂಗ್ಲೆಂಡಿನ ವಿಕರ್ಸ್ ಕಂಪನಿಯ ವಿನ್ಯಾಸವನ್ನು ತಂದು ಆವಡಿಯ ಭಾರೀ ವಾಹನ ಕಾರ್ಖಾನೆ ಇದನ್ನು ತಯಾರಿಸಿತು. ಸುಮಾರು 39 ಟನ್ ತೂಕ, 105 ಮಿಲಿಮೀಟರ್ ಬಾಯಿಯ ತೋಪು. ಇಲ್ಲಿ ಕಟ್ಟಿದ ಮೊದಲ ವಿಜಯಂತ ಹೊರಬಂದದ್ದು 1965ರ ಡಿಸೆಂಬರಿನಲ್ಲಿ. ಪಾಕಿಸ್ತಾನದೊಡನೆ ಯುದ್ಧ ನಿಂತದ್ದು ಅದೇ ವರ್ಷದ ಸೆಪ್ಟೆಂಬರ್ 23ರಂದು. ‘1965ರ ಯುದ್ಧದಲ್ಲಿ ವಿಜಯಂತ’ ಎಂಬ ಚಿತ್ರ ಬಂದರೆ, ಟ್ಯಾಂಕ್ ಉಕ್ಕಿನದಾದರೂ ಸರಿ, ಪ್ಲಾಸ್ಟಿಕ್ಕಿನದಾದರೂ ಸರಿ, ಹೇಳಿಕೆ ಮಾತ್ರ ಸುಳ್ಳು. 1965ರಲ್ಲಿ ಕಾದಾಡಿದ ನಮ್ಮ ಮುಖ್ಯ ಟ್ಯಾಂಕುಗಳು ಸೆಂಚೂರಿಯನ್ ಮತ್ತು ಶರ್ಮನ್. ವಿಜಯಂತ ಸೇನೆಯಲ್ಲಿದ್ದದ್ದು 1971ರ ಹೊತ್ತಿಗೆ.

ಅಳತೆ

ಮಣಲಿಯ ತೈಲಾಗಾರ 1969ರಲ್ಲಿ ಆರಂಭವಾಯಿತು. ಅಲ್ಲಿಯ ಎಣ್ಣೆ ಟ್ಯಾಂಕುಗಳನ್ನು ದೂರದಿಂದ ಕಂಡವರಿಗೆ ಒಂದು ವಿಷಯ ಗೊತ್ತಿರಬೇಕು. ಬೋಳು ಗೋಡೆಯನ್ನು ಮಾತ್ರ ನೋಡಿದರೆ ಅದು ಡಬ್ಬಿಯೋ ದೊಡ್ಡ ಕಟ್ಟಡವೋ ಹೇಳುವುದು ಕಷ್ಟ. ಮೈಸುತ್ತಿ ಮೇಲೇರುವ ಮೆಟ್ಟಿಲು, ಅದರ ಕೈಪಿಡಿಕಂಬಿ ಕಣ್ಣಿಗೆ ಬಿದ್ದೊಡನೆ ಗಾತ್ರ ಹೊಳೆಯುತ್ತದೆ. ಮೆಟ್ಟಿಲು ಮನುಷ್ಯನ ಕಾಲಿನ ಅಳತೆಯದು. ಕಂಬಿ ಮನುಷ್ಯನ ಸೊಂಟದ ಅಳತೆಯದು. ಯುದ್ಧದ ಟ್ಯಾಂಕಿನಲ್ಲೂ ಇಂಥ ಅಳತೆಗೋಲುಗಳಿವೆ: ಆಳು ಇಳಿಯುವ ಮುಚ್ಚಳ, ಹಿಡಿದು ಹತ್ತುವ ಬಳೆ, ಹೊರಗೆ ಕಟ್ಟಿದ ಗುದ್ದಲಿ, ಬಕೆಟ್ಟು, ಹಾಸಿಗೆಯ ಸುರುಳಿ.

ಮಾದರಿಗಾರರಲ್ಲಿ ಬಹು ಬಳಕೆಯ ಅಳತೆ ಮೂವತ್ತೈದರಲ್ಲೊಂದು. ಜಪಾನಿನ ತಾಮಿಯಾ ಕಂಪನಿ ಇದನ್ನು ರೂಢಿಗೆ ತಂದಿತು. ಅದರ ಆಟಿಕೆ ಟ್ಯಾಂಕಿನೊಳಗೆ ಮೋಟಾರನ್ನೂ ಬ್ಯಾಟರಿಯನ್ನೂ ಹಿಡಿಸಬೇಕಾಗಿ ಬಂದು, ಲೆಕ್ಕ ಹಾಕಿದಾಗ ಈ ಪ್ರಮಾಣ ಸಿಕ್ಕಿತಂತೆ. ಎಂಟು ಮೀಟರಿನ ಒಡಲು ಈ ಅಳತೆಯಲ್ಲಿ ಸುಮಾರು ಇಪ್ಪತ್ತಮೂರು ಸೆಂಟಿಮೀಟರ್, ಅಂದರೆ ನಿಮ್ಮ ಒಂದು ಗೇಣು.

ಮಾದರಿಗಾರ ಟ್ಯಾಂಕನ್ನು ಮೂವತ್ತೈದು ಪಟ್ಟು ಕುಗ್ಗಿಸಬಲ್ಲ. ಪ್ರಕೃತಿಯನ್ನು ಕುಗ್ಗಿಸಲಾರ. ಉಪ್ಪಿಟ್ಟಿನ ರವೆಯ ಒಂದು ಕಾಳು ಒಂದು ಮಿಲಿಮೀಟರ್ ಎನ್ನಿ. ಅಷ್ಟು ದಪ್ಪದ ಮರಳನ್ನು ಮಾದರಿಯ ಸುತ್ತ ಹರಡಿದರೆ, ಚಿತ್ರದಲ್ಲಿ ಒಂದೊಂದು ಕಣವೂ ಮೂರೂವರೆ ಸೆಂಟಿಮೀಟರಿನ ಜಲ್ಲಿಯಾಗಿ ಕಾಣುತ್ತದೆ. ಮರುಭೂಮಿಯ ನುಣ್ಣನೆಯ ಮರಳೆಂದು ಹೇಳಿಕೊಳ್ಳುವ ನೆಲ ರೈಲುಹಳಿಯ ಪಕ್ಕದ ಜಲ್ಲಿಯಂತೆ ಕಂಡರೆ ಅನುಮಾನಿಸಿ. ನೀರಿನ ಹನಿ, ಬೆಂಕಿಯ ನಾಲಗೆ, ಹೊಗೆಯ ಸುರುಳಿ ಇವೂ ಹಾಗೆಯೇ. ಹೊತ್ತಿ ಉರಿಯುವ ಟ್ಯಾಂಕಿನ ಹೊಗೆ ಗಡುಸಾದ ಮೋಡದಂತೆ ಉಕ್ಕಿ ಏಳುತ್ತದೆ. ಊದುಬತ್ತಿಯಂತೆ ಎಳೆಯೆಳೆಯಾಗಿ ಬಳುಕುವುದಿಲ್ಲ. ತೆಳುತಗಡುಗಳ ಅಂಚನ್ನೂ ನೋಡಿ. ಚಕ್ರದ ಮೇಲಿನ ಮಣ್ಣುತಡೆ ಎರಡು ಮೂರು ಮಿಲಿಮೀಟರಿನ ತಗಡು. ಅರ್ಧ ಮಿಲಿಮೀಟರಿನ ಪ್ಲಾಸ್ಟಿಕ್ ಅಂಚು ಚಿತ್ರದಲ್ಲಿ ಹದಿನೇಳೂವರೆ ಮಿಲಿಮೀಟರಿನ ಹಲಗೆಯಾಗುತ್ತದೆ.

ಇನ್ನು ಕ್ಯಾಮರಾ ನಿಂತ ಎತ್ತರ. ಬಯಲಿನಲ್ಲಿ ನಿಂತು ಫೋಟೋ ತೆಗೆದರೆ ದಿಗಂತದ ಗೆರೆ ಎದುರಿನ ವಸ್ತುವನ್ನು ಕ್ಯಾಮರಾದ ಎತ್ತರದಲ್ಲೇ ಹಾಯ್ದುಹೋಗುತ್ತದೆ. ಇದು ರೇಖಾಗಣಿತದ ನಿಯಮ. ನಿಂತ ಮನುಷ್ಯನ ಕಣ್ಣಿನ ಎತ್ತರ ಐದಡಿಯ ಮೇಲೆ ಸ್ವಲ್ಪ. ಟ್ಯಾಂಕಿನ ಎತ್ತರ ಒಂಬತ್ತಡಿಯ ಸುಮಾರು. ಆದ್ದರಿಂದ ಸಮನೆಲದ ಚಿತ್ರದಲ್ಲಿ ದಿಗಂತ ಟ್ಯಾಂಕಿನ ನಡುಭಾಗವನ್ನು ಹಾಯಬೇಕು, ಗೋಪುರದ ತಲೆ ಆಕಾಶಕ್ಕೆ ಚಾಚಿರಬೇಕು. ಗೋಪುರದ ನೆತ್ತಿಯೂ ದಿಗಂತದ ಕೆಳಗೇ ಇದ್ದರೆ, ಫೋಟೋ ತೆಗೆದವನು ಯಾವುದರ ಮೇಲೆ ಹತ್ತಿ ನಿಂತಿದ್ದ ಎಂದು ಕೇಳಿ. ದಿಬ್ಬ, ಲಾರಿ, ಮನೆಯ ಮಾಳಿಗೆ ಇದ್ದರೆ ಸರಿ. ಇಲ್ಲದಿದ್ದರೆ ಅವನು ಮೇಜಿನ ಮುಂದೆ ನಿಂತಿದ್ದನೆಂದೇ ಊಹಿಸಬೇಕು. ಮಾದರಿಯ ಮುಂದೆ ‘ಮನುಷ್ಯನ ಕಣ್ಣಿನ ಎತ್ತರ’ ಬರಬೇಕಾದರೆ ಕ್ಯಾಮರಾದ ಕಣ್ಣು ಮೇಜಿನಿಂದ ನಾಲ್ಕೂವರೆ ಸೆಂಟಿಮೀಟರಿನಲ್ಲಿರಬೇಕು. ಅಷ್ಟು ತಗ್ಗಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಮಸುಕಿನ ವಿಷಯವೂ ಇದೆ. ಒಂದೂವರೆ ಅಡಿ ದೂರದಿಂದ ಪುಟ್ಟ ವಸ್ತುವನ್ನು ತೆಗೆದಾಗ ಅದರ ಮುಂದಿನದೂ ಹಿಂದಿನದೂ ಬೇಗ ಮಸುಕಾಗುತ್ತದೆ. ತೋಪಿನ ತುದಿ ಸ್ಪಷ್ಟವಾದರೆ ಟ್ಯಾಂಕಿನ ಬಾಲ ಮಸುಕು. ಐವತ್ತಡಿ ದೂರದ ನಿಜವಾದ ಟ್ಯಾಂಕಿಗೆ ಸಾಧಾರಣ ಮಸೂರದಲ್ಲಿ ಹೀಗಾಗುವುದಿಲ್ಲ. ಆದರೆ ಇದನ್ನೇ ನೆಚ್ಚಿ ಕೂರಬಾರದು. ಹಲವು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದುಗೂಡಿಸಿ ಎಲ್ಲವನ್ನೂ ಸ್ಪಷ್ಟಮಾಡುವ ಉಪಾಯ ಇಂದು ಸುಲಭವಾಗಿದೆ. ಮಸುಕಿದ್ದರೆ ಮಾದರಿಯಿರಬಹುದು, ಮಸುಕಿಲ್ಲದ ಮಾತ್ರಕ್ಕೆ ನಿಜವೆನ್ನಲಾಗದು. ಒಂದೇ ಚಿತ್ರದ ನೆರಳುಗಳು ಬೇರೆ ಬೇರೆ ದಿಕ್ಕಿಗೆ ಹರಡಿದ್ದರೆ ಅದು ಸೂರ್ಯನ ಬೆಳಕಲ್ಲ, ಹತ್ತಿರದ ದೀಪದ್ದಿರಬಹುದೆಂದು ಅನುಮಾನಿಸಬಹುದು.

ಭಾರ

ಇನ್ನುಳಿದ ಎಲ್ಲ ಪರೀಕ್ಷೆಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಭಾರದ ಪರೀಕ್ಷೆ. ಮಾದರಿಗಾರ ಎಷ್ಟೇ ನಿಪುಣನಾಗಲಿ, ಭಾರವನ್ನು ಮಾತ್ರ ತರಲಾರ.

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಉದ್ದ, ಅಗಲ, ಎತ್ತರ ಮೂರನ್ನೂ ಮೂವತ್ತೈದು ಪಟ್ಟು ಕುಗ್ಗಿಸಿದರೆ ತೂಕ ಕುಗ್ಗುವುದು 35 × 35 × 35, ಅಂದರೆ 42,875 ಪಟ್ಟು. ವಿಜಯಂತದ 39 ಟನ್ ಆಗ ಒಂದು ಕಿಲೋಗ್ರಾಮಿಗೂ ಕಡಿಮೆ, ಅದೂ ಉಕ್ಕಿನಲ್ಲೇ ಮಾಡಿದ್ದರೆ. ಟೊಳ್ಳು ಪ್ಲಾಸ್ಟಿಕ್ ಆದರೆ ಇನ್ನೂ ಹಗುರ. ನೆಲಕ್ಕೆ ತಾಗುವ ಜಾಗ ಕುಗ್ಗುವುದು 35 × 35 ಪಟ್ಟು ಮಾತ್ರ. ಆದ್ದರಿಂದ ಉಕ್ಕಿನ ಮಾದರಿಯೂ ನೆಲವನ್ನು ಒತ್ತುವುದು ನಿಜವಾದ ಟ್ಯಾಂಕಿನ ಮೂವತ್ತೈದರಲ್ಲೊಂದು ಪಾಲು ಒತ್ತಡದಿಂದ. ಅದು ಮಣ್ಣಿನ ಮೇಲೆ ಕುಳಿತಿರುತ್ತದೆ, ಮಣ್ಣಿನೊಳಗೆ ಇಳಿದಿರುವುದಿಲ್ಲ.

ನಿಜವಾದ ಟ್ಯಾಂಕ್ ತಾನು ಹೋದ ದಾರಿಯನ್ನು ಬರೆದುಕೊಂಡೇ ಹೋಗುತ್ತದೆ. ತಿರುಗಿದ ಕಡೆ ಮಣ್ಣು ಒದ್ದು ರಾಶಿಯಾಗುತ್ತದೆ. ಒಣ ಹೆಂಟೆ ಪುಡಿಯಾಗುತ್ತದೆ. ಹಸಿ ನೆಲ ಅಂಚಿನಲ್ಲಿ ಉಬ್ಬುತ್ತದೆ. ಉಕ್ಕಿನ ಸರಪಟ್ಟಿಯೂ ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆ. ಟಿ-55ರಂಥ ಟ್ಯಾಂಕಿನಲ್ಲಿ ಪಟ್ಟಿಯ ಮೇಲ್ಭಾಗ ದೊಡ್ಡ ಚಕ್ರಗಳ ಬೆನ್ನ ಮೇಲೇ ಒರಗಿ ಅಲೆಯಲೆಯಾಗಿ ಕಾಣುತ್ತದೆ. ಹಳೆಯ ಮಾದರಿಗಳ ರಬ್ಬರಿನಂಥ ಪಟ್ಟಿ ಬಿಗಿದ ಲಾಡಿಯಂತೆ ನೆಟ್ಟಗಿರುತ್ತದೆ. ಈಚಿನ ನಿಪುಣರು ಪಟ್ಟಿಯನ್ನು ಕೊಂಡಿ ಕೊಂಡಿಯಾಗಿ ಜೋಡಿಸಿ ಜೋಲನ್ನೂ ತರುತ್ತಾರೆ. ಆಗಲೂ ನೆಲವನ್ನು ನೋಡಿ. ಗುಟ್ಟು ಬಿಟ್ಟುಕೊಡುವುದು ನೆಲವೇ.

ಇದಕ್ಕೆ ನಮ್ಮ ಇತಿಹಾಸದಲ್ಲೇ ಎರಡು ಉಜ್ವಲ ಉದಾಹರಣೆಗಳಿವೆ. ಮೊದಲನೆಯದು ಪಂಜಾಬಿನ ಅಸಲ್ ಉತ್ತರ್. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ನಡೆದ ಆ ಕಾಳಗದಲ್ಲಿ ಪಾಕಿಸ್ತಾನ ತಂದದ್ದು ಅಮೆರಿಕದ ಹೆಸರುವಾಸಿ ಪ್ಯಾಟನ್ ಟ್ಯಾಂಕುಗಳನ್ನು. ನಮ್ಮವರು ಕಬ್ಬಿನ ಗದ್ದೆಗಳಿಗೆ ನೀರು ಬಿಟ್ಟರು. ಪ್ಯಾಟನ್ನುಗಳು ಕೆಸರಿನಲ್ಲಿ ಹೂತು ನಿಂತವು. ಕಬ್ಬಿನ ಮರೆಯಲ್ಲಿ ಕಾದಿದ್ದ ಸೆಂಚೂರಿಯನ್‌ಗಳೂ, ಜೀಪಿನ ಮೇಲಿನ ತೋಪಿನೊಡನೆ ವೀರ ಅಬ್ದುಲ್ ಹಮೀದರಂಥವರೂ ಅವನ್ನು ಒಡೆದರು. ಅಬ್ದುಲ್ ಹಮೀದರು ಪ್ರಾಣವನ್ನು ಅಲ್ಲೇ ಅರ್ಪಿಸಿ ಪರಮವೀರ ಚಕ್ರ ಪಡೆದರು. ಸೆರೆಸಿಕ್ಕ ಟ್ಯಾಂಕುಗಳನ್ನು ಸಾಲಾಗಿ ನಿಲ್ಲಿಸಿದ ಜಾಗಕ್ಕೆ ‘ಪ್ಯಾಟನ್ ನಗರ’ವೆಂದೇ ಹೆಸರಾಯಿತು. ಆ ಜಯದಲ್ಲಿ ನೆಲಕ್ಕೂ ಪಾಲಿತ್ತು. ಹಾಗಿರುವಾಗ ಅಸಲ್ ಉತ್ತರಿನ ಕೆಸರೆಂದು ತೋರಿಸಿದ ಚಿತ್ರದಲ್ಲಿ ಪ್ಯಾಟನ್ನು ಕೆಸರಿನ ಮೇಲೆ ತೇಲುವಂತೆ ಕುಳಿತಿದ್ದರೆ ಅದನ್ನು ನಂಬುವುದು ಹೇಗೆ?

ಎರಡನೆಯದು ರಾಜಸ್ಥಾನದ ಲೋಂಗೇವಾಲಾ. 1971ರ ಡಿಸೆಂಬರ್ 5ರಂದು ಜೈಸಲ್ಮೇರಿನಿಂದ ಹಾರಿದ ನಮ್ಮ ಹಂಟರ್ ವಿಮಾನಗಳು ಮರಳುಗಾಡಿನಲ್ಲಿ ಪಾಕಿಸ್ತಾನದ ಟ್ಯಾಂಕುಗಳ ಮೇಲೆರಗಿದವು. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಟ್ಯಾಂಕುಗಳು ಇರುವೆಗಳಷ್ಟು ಸಣ್ಣವು. ಆದರೆ ವಿಮಾನದಿಂದ ತಪ್ಪಿಸಿಕೊಳ್ಳಲು ಅವು ಸುತ್ತಿ ಸುತ್ತಿ ಓಡಿದ ಜಾಡು, ಹುಚ್ಚು ಹಿಡಿದವನು ಕಾಗದದ ಮೇಲೆ ಗೀಚಿದಂತೆ, ಮರಳಿನ ತುಂಬ ಮೂಡಿದೆ. ಪ್ರಾಣಭಯದಿಂದ ಓಡಿದವರ ಕೈಬರಹವದು. ಟ್ಯಾಂಕಿನ ವಿವರವೇ ಕಾಣದ ಆ ಚಿತ್ರವನ್ನು ಆಟಿಕೆಯೆಂದು ಯಾರಿಗೂ ಅನಿಸುವುದಿಲ್ಲ. ಅದರಲ್ಲಿ ಭಾರವಿದೆ.

ಚಿತ್ರ ನಿಜ, ಮಾತು ಸುಳ್ಳು

ಮಾದರಿಯ ಮೋಸ ಕಣ್ಣಿಗೆ ಸೊಗಸು. ಆದರೆ ಅದೊಂದೇ ಮೋಸವಲ್ಲ. ಕ್ಯಾಮರಾ ಸತ್ಯವನ್ನೇ ಹೇಳಿದರೂ ನಾವು ತಪ್ಪು ತಿಳಿಯುವ ಸಂದರ್ಭಗಳು ಹೆಚ್ಚು.

ಚಿತ್ರ ನಿಜ, ಟ್ಯಾಂಕ್ ಸುಳ್ಳು ಎಂಬುದೊಂದು ಬಗೆ. ನಮ್ಮ 4ನೇ ಭಾರತೀಯ ಡಿವಿಷನ್ ಕೂಡ ಇದ್ದ ಈಜಿಪ್ಟಿನ ಎಲ್ ಅಲಮೇನ್ ರಣರಂಗದಲ್ಲಿ, 1942ರ ಅಕ್ಟೋಬರ್ ಯುದ್ಧಕ್ಕೆ ಮುನ್ನ ಬ್ರಿಟಿಷರು ಒಂದೆಡೆ ಸುಳ್ಳು ಟ್ಯಾಂಕುಗಳನ್ನು ನಿಲ್ಲಿಸಿ, ಇನ್ನೊಂದೆಡೆ ನಿಜವಾದ ಟ್ಯಾಂಕುಗಳಿಗೆ ಲಾರಿಯಂತೆ ಕಾಣುವ ಹೊದಿಕೆ ಹಾಕಿದ್ದರು. 1944ರಲ್ಲಿ ಗಾಳಿ ತುಂಬಿದ ರಬ್ಬರ್ ಟ್ಯಾಂಕುಗಳನ್ನು ಇಂಗ್ಲೆಂಡಿನಲ್ಲಿ ನಿಲ್ಲಿಸಿದರು. ನಾಲ್ಕು ಜನ ಸೇರಿ ಅದನ್ನು ಎತ್ತಿ ಹಿಡಿಯಬಹುದಿತ್ತು. ಇಲ್ಲೂ ಭಾರವೇ ಸಾಕ್ಷಿ. ಆದ್ದರಿಂದಲೇ ಅವುಗಳ ಪಕ್ಕದಲ್ಲಿ ಸುಳ್ಳು ಜಾಡುಗಳನ್ನೂ ಎಳೆಯಬೇಕಾಗುತ್ತಿತ್ತು.

ಟ್ಯಾಂಕ್ ನಿಜ, ಯುದ್ಧ ಸುಳ್ಳು ಎಂಬುದು ಇನ್ನೊಂದು. ಅದೇ ಅಲಮೇನಿನಲ್ಲಿ ಸೈನಿಕರು ಹೊಗೆಯ ನಡುವೆ ನುಗ್ಗುತ್ತಿರುವ ಹೆಸರಾಂತ ಚಿತ್ರವೊಂದನ್ನು ಬ್ರಿಟಿಷ್ ಸೇನೆಯ ಲೆನ್ ಚೆಟ್ವಿನ್ ಹಿಂದಿನ ಸಾಲಿನಲ್ಲಿ ಹೊಗೆ ಎಬ್ಬಿಸಿ ತೆಗೆದದ್ದು. ಇಂದು ಸಿನಿಮಾ ದೃಶ್ಯಗಳೂ ಈ ಪಂಕ್ತಿಗೆ ಸೇರಿವೆ. ಲೋಂಗೇವಾಲಾ ಕುರಿತ ‘ಬಾರ್ಡರ್’ ಚಿತ್ರ ಬಂದದ್ದು 1997ರಲ್ಲಿ. ಅದರ ದೃಶ್ಯವನ್ನು 1971ರದೆಂದರೆ ಒಪ್ಪಲಾದೀತೇ?

ಹಲವು ನಿಜಗಳನ್ನು ಹೊಲಿದ ಸುಳ್ಳು ಮತ್ತೊಂದು. ಆಸ್ಟ್ರೇಲಿಯಾದ ಫ್ರಾಂಕ್ ಹರ್ಲಿ ಮೊದಲ ಮಹಾಯುದ್ಧದಲ್ಲಿ ಹನ್ನೆರಡು ನೆಗೆಟಿವ್‌ಗಳನ್ನು ಸೇರಿಸಿ ಒಂದು ರಣಚಿತ್ರ ಮಾಡಿದ. ಯುದ್ಧದ ಭೀಕರತೆಯನ್ನು ಒಂದೇ ಚಿತ್ರದಲ್ಲಿ ತೋರಿಸಲು ಬೇರೆ ದಾರಿಯಿಲ್ಲವೆಂದು ಅವನ ವಾದ. ಯುದ್ಧದ ಇತಿಹಾಸ ಬರೆಯುತ್ತಿದ್ದ ಚಾರ್ಲ್ಸ್ ಬೀನ್ ಅದನ್ನು ಒಪ್ಪಲೇ ಇಲ್ಲ. ನನ್ನ ಮಟ್ಟಿಗೆ ಬೀನ್ ಹೇಳಿದ್ದೇ ಸರಿ. ಸತ್ತವರ ವಿಷಯದಲ್ಲಿ ಅಲಂಕಾರ ಸಲ್ಲದು.

ಈಗ ಇವೆಲ್ಲವನ್ನೂ ಮೀರಿಸುವಂತೆ ಕಂಪ್ಯೂಟರ್ ಆಟಗಳು ಬಂದಿವೆ. 2022ರಲ್ಲಿ ‘ಆರ್ಮಾ’ ಎಂಬ ಆಟದ ದೃಶ್ಯಗಳನ್ನು ಉಕ್ರೇನ್ ಯುದ್ಧದವೆಂದು ಹಂಚುವುದು ಎಷ್ಟು ಹೆಚ್ಚಿತೆಂದರೆ, ಅದನ್ನು ತಯಾರಿಸಿದ ಕಂಪನಿಯೇ ಎಚ್ಚರಿಕೆಯ ಪ್ರಕಟಣೆ ಹೊರಡಿಸಬೇಕಾಯಿತು. 2025ರ ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನಗಳ ನಡುವೆ ಸಂಘರ್ಷ ನಡೆದಾಗಲೂ ಆಟದ ದೃಶ್ಯಗಳು ಯುದ್ಧದ ಹೆಸರಿನಲ್ಲಿ ಮನೆಮನೆ ಹೊಕ್ಕವು. ಉಪಕರಣ ಹೊಸದು, ನ್ಯೂಯಾರ್ಕಿನ ಅಂಗುಲ ನೀರಿನ ನೌಕಾಯುದ್ಧಕ್ಕೂ ಇದಕ್ಕೂ ಉದ್ದೇಶದಲ್ಲಿ ಭೇದವಿಲ್ಲ.

ನಿಜವೂ ಬೊಂಬೆಯಂತೆ ಕಾಣಬಹುದು

ಇಷ್ಟು ಓದಿ ಎಲ್ಲ ಚಿತ್ರಗಳನ್ನೂ ‘ಸುಳ್ಳು’ ಎಂದು ತಳ್ಳಿಹಾಕುವ ಉತ್ಸಾಹ ಹುಟ್ಟಿದರೆ ಅದೂ ಅಪಾಯವೇ. ಪ್ಯಾಟನ್ ನಗರದ ಚಿತ್ರಗಳನ್ನು ಮೊದಲ ಬಾರಿ ನೋಡಿದವರಿಗೆ ಅನುಮಾನ ಬರಬಹುದು. ಅಂಗಡಿಯ ಕಪಾಟಿನಲ್ಲಿ ಜೋಡಿಸಿದಂತೆ ಸಾಲು ಸಾಲು ಟ್ಯಾಂಕುಗಳು, ಎಷ್ಟೋ ಕಡೆ ಬಣ್ಣವೂ ಮಾಸಿಲ್ಲ. ಕಾರಣ ಸರಳ: ಸಿಬ್ಬಂದಿ ಕೆಲವನ್ನು ಹಾಗೆಯೇ ಬಿಟ್ಟು ಓಡಿದ್ದರು. ಸ್ಫೋಟವಾದ ಟ್ಯಾಂಕಿನ ಹಲವು ಟನ್ನಿನ ಗೋಪುರ ಕಿತ್ತುಹೋಗಿ ತಲೆಕೆಳಗಾಗಿ ಬಿದ್ದಿರುವುದನ್ನು ಕಂಡರೆ ಮಕ್ಕಳು ಎಸೆದ ಆಟಿಕೆಯ ನೆನಪಾಗುತ್ತದೆ. ಅದು ನಿಜ. ಒಂದು ಲಕ್ಷಣದಿಂದ ತೀರ್ಪು ಕೊಡಬಾರದು. ಎರಡು ಮೂರು ಲಕ್ಷಣಗಳು ಒಂದೇ ಮಾತು ಹೇಳಬೇಕು.

ಬಂದ ದಾರಿ

ಕೊನೆಯ ಪ್ರಶ್ನೆ ಚಿತ್ರದೊಳಗಿಲ್ಲ, ಅದರ ಬೆನ್ನಿನಲ್ಲಿದೆ. ಯಾರು ತೆಗೆದರು? ಯಾವಾಗ, ಎಲ್ಲಿ? ಮೊದಲು ಎಲ್ಲಿ ಅಚ್ಚಾಯಿತು? ಯಾರ ಕೈಯಿಂದ ಯಾರ ಕೈಗೆ ಬಂತು? ಆರ್ಚರನ ಮೋಸ ಬಯಲಾದದ್ದು ಅವನ ಪೆಟ್ಟಿಗೆ ತೆರೆದಾಗ ಎಂಬುದನ್ನು ಮರೆಯಬಾರದು. ಐವತ್ತು ವರ್ಷ ಪಂಡಿತರು ಚಿತ್ರಗಳನ್ನೇ ನೋಡುತ್ತ ವಾದಿಸಿದರು. ಅವು ಬಂದ ದಾರಿ ಸಿಕ್ಕೊಡನೆ ವಾದ ಮುಗಿಯಿತು.

ಇಲ್ಲಿಯೇ ನಮ್ಮ ಕುಟುಂಬಗಳ ಪಾಲಿನ ಕೆಲಸವಿರುವುದು. ಹೊಟ್ಟೆಪಾಡಿಗೆಂದು ಊರು ಬಿಟ್ಟು ಬಂದ ನಮ್ಮಲ್ಲಿ ಹಳೆಯ ಮನೆ, ಹಳೆಯ ಕಾಗದ, ಹಳೆಯ ನೆರೆಹೊರೆ ಉಳಿದಿರುವುದಿಲ್ಲ. ಟ್ರಂಕಿನ ತಳದ ಒಂದು ಆಲ್ಬಂ ಉಳಿದಿರುತ್ತದೆ. ಅದರಲ್ಲಿ ಸೇನೆಯಲ್ಲಿದ್ದ ದೊಡ್ಡಪ್ಪನೋ ಸೋದರಮಾವನೋ ಟ್ಯಾಂಕಿಗೆ, ಲಾರಿಗೆ ಒರಗಿ ನಿಂತ ಒಂದು ಫೋಟೋ ಇರಬಹುದು. ಅದು ಚಿಕ್ಕದು, ಮಾಸಿದ್ದು, ಅದರಲ್ಲಿ ಹೊಗೆಯಿಲ್ಲ, ಬೆಂಕಿಯಿಲ್ಲ. ವಾಟ್ಸಾಪಿನ ಭರ್ಜರಿ ಚಿತ್ರಗಳ ಮುಂದೆ ಅದು ಸಪ್ಪೆ. ಆದರೆ ಇತಿಹಾಸದ ತಕ್ಕಡಿಯಲ್ಲಿ ಅದೇ ತೂಕದ್ದು.

ಅಂಥ ಚಿತ್ರವಿದ್ದವರು ಇಷ್ಟು ಮಾಡಬೇಕು. ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷ, ದಳದ ಹೆಸರು ಬರೆಯಿರಿ; ಬಾಲ್ ಪೆನ್ನು ಬೇಡ, ಅಚ್ಚು ಮುಂದಕ್ಕೆ ಮೂಡುತ್ತದೆ. ಅಂಚು ಕತ್ತರಿಸಬೇಡಿ, ಸ್ಟುಡಿಯೋದ ಮುದ್ರೆ, ಹಳೆಯ ಬರಹ ಇರುವುದು ಅಲ್ಲೇ. ಪ್ರತಿ ತೆಗೆಸುವಾಗ ಮುಂದಿನ ಮೈಯನ್ನೂ ಹಿಂದಿನ ಮೈಯನ್ನೂ ತೆಗೆಸಿರಿ. ಎಲ್ಲಕ್ಕಿಂತ ಮುಖ್ಯ, ಅದರಲ್ಲಿರುವವರನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ತಿಳಿದುಕೊಳ್ಳಿ. ಗೊತ್ತಿಲ್ಲದ್ದನ್ನು ಊಹಿಸಿ ಬರೆಯಬೇಡಿ. ಇಂಟರ್ನೆಟ್ಟಿನಿಂದ ಚೆಂದದ ಟ್ಯಾಂಕ್ ಚಿತ್ರವೊಂದನ್ನು ತಂದು ಅಜ್ಜನ ಹೆಸರಿನ ಪಕ್ಕದಲ್ಲಿ ಅಂಟಿಸಲಂತೂ ಬೇಡಿ. ಇಪ್ಪತ್ತು ಚಿತ್ರಗಳಲ್ಲಿ ಒಂದು ಬೊಂಬೆಯದೆಂದು ತಿಳಿದುಬಂದರೆ, ನೋಡಿದವರು ಉಳಿದ ಹತ್ತೊಂಬತ್ತನ್ನೂ ಅನುಮಾನಿಸುತ್ತಾರೆ. ಆಗ ಕೆಡುವುದು ಸುಳ್ಳು ಚಿತ್ರ ಅಂಟಿಸಿದವನ ಮಾನವಲ್ಲ. ನಿಜವಾಗಿ ಹೋರಾಡಿದವನ ಹೆಸರು.

ಮಕ್ಕಳಿಗೆ ಇದನ್ನು ಕಲಿಸಲು ಪುಸ್ತಕಕ್ಕಿಂತ ಒಳ್ಳೆಯ ಉಪಾಯವಿದೆ. ರಜೆಗೆ ಊರಿಗೆ ಹೋದಾಗ ಮಡಿಕೇರಿಯ ಕಡೆ ದಾರಿಯಿದ್ದರೆ ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ‘ಸನ್ನಿಸೈಡ್’ ಮನೆಗೆ ಕರೆದೊಯ್ಯಿರಿ. 2021ರಲ್ಲಿ ಅದು ವಸ್ತುಸಂಗ್ರಹಾಲಯವಾಗಿದೆ. ಅಂಗಳದಲ್ಲಿ ಯುದ್ಧದ ಟ್ಯಾಂಕ್ ನಿಂತಿದೆ. ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, ಟ್ಯಾಂಕುಗಳದ್ದೇ ಒಂದು ವಸ್ತುಸಂಗ್ರಹಾಲಯವಿದೆ. ಮಗು ಆ ಸರಪಟ್ಟಿಯ ಒಂದು ಕೊಂಡಿಯ ಪಕ್ಕದಲ್ಲಿ ತನ್ನ ಅಂಗೈ ಚಾಚಿ ಅಳೆದು ನೋಡಲಿ, ಒಬ್ಬ ಮನುಷ್ಯ ಇಳಿಯುವ ಮುಚ್ಚಳ ಎಷ್ಟು ಕಿರಿದೆಂದು ನೋಡಲಿ. ಅದರೊಳಗೆ ಬೇಸಗೆಯಲ್ಲಿ, ಬೆಂಕಿಯ ಭಯದಲ್ಲಿ ಕುಳಿತಿದ್ದವರು ನಮ್ಮಂಥವರ ಮನೆಯ ಮಕ್ಕಳೆಂದು ಆಗ ತಾನಾಗಿ ತಿಳಿಯುತ್ತದೆ. ಒಮ್ಮೆ ಆ ಭಾರವನ್ನು ಕಂಡ ಕಣ್ಣಿಗೆ, ಭಾರವಿಲ್ಲದ ಟ್ಯಾಂಕನ್ನು ಗುರುತಿಸಲು ಇನ್ನೊಬ್ಬರು ಹೇಳಿಕೊಡಬೇಕಾಗುವುದಿಲ್ಲ.